ಎಸ್. ನಿಜಲಿಂಗಪ್ಪ

ಸಿದ್ದವ್ವನಹಳ್ಳಿ ನಿಜಲಿಂಗಪ್ಪ (10 ಡಿಸೆಂಬರ್ 1902 – 8 ಆಗಸ್ಟ್ 2000) ಸ್ವಾತಂತ್ರ್ಯ ಹೋರಾಟಗಾರರು, ಕರ್ನಾಟಕ ಏಕೀಕರಣದ ಪ್ರಮುಖ ನಾಯಕರು ಮತ್ತು ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಗಳು. 1968ರಲ್ಲಿ ಅವರು ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಅವರ ಅಧಿಕಾರಾವಧಿಯಲ್ಲಿ ನಡೆದ 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷದ ಅಧಿಕೃತ ಅಭ್ಯರ್ಥಿ ಸೋತರು. ಆ ಸೋಲು ಕಾಂಗ್ರೆಸ್ಸಿನ ವಿಭಜನೆಗೂ ನಿಜಲಿಂಗಪ್ಪನವರ ರಾಜಕೀಯ ಪ್ರಭಾವದ ಇಳಿಕೆಗೂ ಕಾರಣವಾಯಿತು.

ಜನನ ಮತ್ತು ಶಿಕ್ಷಣ

ನಿಜಲಿಂಗಪ್ಪನವರು ಅಂದಿನ ಬಳ್ಳಾರಿ ಜಿಲ್ಲೆಯ ಹಲುವಾಗಲು ಗ್ರಾಮದಲ್ಲಿ ಜನಿಸಿದರು. 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿಯನ್ನೂ 1926ರಲ್ಲಿ ಪುಣೆಯಲ್ಲಿ ಕಾನೂನು ಪದವಿಯನ್ನೂ ಪಡೆದು, ಚಿತ್ರದುರ್ಗದಲ್ಲಿ ವಕೀಲಿ ವೃತ್ತಿ ಆರಂಭಿಸಿದರು. ಹುಟ್ಟೂರು ಮದ್ರಾಸ್ ಪ್ರಾಂತ್ಯಕ್ಕೆ, ವೃತ್ತಿ ಮಾಡಿದ ಊರು ಮೈಸೂರು ಸಂಸ್ಥಾನಕ್ಕೆ, ಕಾನೂನು ಓದಿದ ನಗರ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಸ್ಥಿತಿ ಅವರಿಗೆ ಎಳವೆಯಿಂದಲೇ ಪರಿಚಿತವಾಗಿತ್ತು.

ಸ್ವಾತಂತ್ರ್ಯ ಹೋರಾಟ ಮತ್ತು ಏಕೀಕರಣ

1939ರಲ್ಲಿ ಚಿತ್ರದುರ್ಗದ ಸಮೀಪದ ತುರುವನೂರಿನಲ್ಲಿ ನಡೆದ ಅರಣ್ಯ ಸತ್ಯಾಗ್ರಹದ ನೇತೃತ್ವ ವಹಿಸಿ ಅವರು ಸೆರೆಮನೆವಾಸ ಅನುಭವಿಸಿದರು. ಮುಂದೆ ಕರ್ನಾಟಕ ಪ್ರಾಂತೀಯ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾಗಿ, ಸಂವಿಧಾನ ಸಭೆಯ ಸದಸ್ಯರಾಗಿ ಏಕೀಕರಣದ ಪರವಾಗಿ ದುಡಿದರು. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದರು.

1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾದಾಗ ನಿಜಲಿಂಗಪ್ಪನವರು ಅದರ ಮುಖ್ಯಮಂತ್ರಿಯಾದರು. ಅದುವರೆಗೆ ಮದ್ರಾಸ್ ರಾಜ್ಯದಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲೆಯು ಕಾಸರಗೋಡು ತಾಲೂಕನ್ನು ಬಿಟ್ಟು ಅಂದೇ ಈ ರಾಜ್ಯಕ್ಕೆ ಸೇರಿತು. ಬೈಂದೂರನ್ನು ಒಳಗೊಂಡಿದ್ದ ಅಂದಿನ ಕುಂದಾಪುರ ತಾಲೂಕು, ಬ್ರಹ್ಮಾವರವಿದ್ದ ಉಡುಪಿ ತಾಲೂಕುಗಳ ಜನರಿಗೆ ರಾಜಧಾನಿ ಮದ್ರಾಸಿನ ಬದಲು ಬೆಂಗಳೂರಾಯಿತು.

ಮುಖ್ಯಮಂತ್ರಿಯಾಗಿ

1958ರ ಮೇ ತಿಂಗಳಿನಲ್ಲಿ ಅವರು ಅಧಿಕಾರ ಬಿಟ್ಟುಕೊಟ್ಟಾಗ ಬಿ. ಡಿ. ಜತ್ತಿಯವರು ಮುಖ್ಯಮಂತ್ರಿಯಾದರು. 1962ರ ವಿಧಾನಸಭಾ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಹೊಸದುರ್ಗ ಕ್ಷೇತ್ರದಲ್ಲಿ ಪರಾಭವಗೊಂಡರು. ಎಸ್. ಆರ್. ಕಂಠಿಯವರು ಕೆಲಕಾಲ ಮುಖ್ಯಮಂತ್ರಿಯಾಗಿದ್ದರು. ಅನಂತರ ಬಾಗಲಕೋಟೆಯಿಂದ ಅವಿರೋಧವಾಗಿ ಆಯ್ಕೆಯಾದ ನಿಜಲಿಂಗಪ್ಪನವರು ಅದೇ ವರ್ಷದ ಜೂನ್ ತಿಂಗಳಿನಲ್ಲಿ ಮರಳಿ ಅಧಿಕಾರಕ್ಕೆ ಬಂದು 1968ರವರೆಗೆ ಮುಂದುವರಿದರು. ಶರಾವತಿ ಜಲವಿದ್ಯುತ್ ಯೋಜನೆ ಈ ಅವಧಿಯಲ್ಲಿ ಉತ್ಪಾದನೆ ಆರಂಭಿಸಿತು. 1965ರಿಂದ 1967ರವರೆಗೆ ಮೈಸೂರಿನ ರಾಜ್ಯಪಾಲರಾಗಿದ್ದವರು ವಿ. ವಿ. ಗಿರಿ. ಎರಡೇ ವರ್ಷಗಳಲ್ಲಿ ಈ ಇಬ್ಬರೂ ರಾಷ್ಟ್ರಪತಿ ಚುನಾವಣೆಯಲ್ಲಿ ಎದುರು ಬದುರು ನಿಂತರು.

1969ರ ರಾಷ್ಟ್ರಪತಿ ಚುನಾವಣೆ

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ನಿಧನರಾದರು. ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಅದೇ ಸಂದರ್ಭದಲ್ಲಿ ಪಕ್ಷದ ಸಂಸದೀಯ ಮಂಡಳಿಯು ನೀಲಂ ಸಂಜೀವ ರೆಡ್ಡಿಯವರನ್ನು ಬಹುಮತದಿಂದ ಅಭ್ಯರ್ಥಿಯಾಗಿ ಆರಿಸಿತು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಈ ಆಯ್ಕೆ ಒಪ್ಪಿಗೆಯಾಗಿರಲಿಲ್ಲ. ಹಂಗಾಮಿ ರಾಷ್ಟ್ರಪತಿಯಾಗಿದ್ದ ಗಿರಿಯವರು ರಾಜೀನಾಮೆ ನೀಡಿ ಸ್ವತಂತ್ರ ಅಭ್ಯರ್ಥಿಯಾಗಿ ನಿಂತರು. ಸ್ವತಂತ್ರ ಪಕ್ಷ ಮತ್ತು ಜನಸಂಘಗಳು ಸಿ. ಡಿ. ದೇಶಮುಖರನ್ನು ಬೆಂಬಲಿಸಿದವು.

ಜುಲೈ 19ರಂದು ಕೇಂದ್ರ ಸರ್ಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿತು. ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಮತ್ತು ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್‌ಗಳೂ ಅವುಗಳಲ್ಲಿದ್ದುದರಿಂದ, ದೆಹಲಿಯ ಈ ಸಂಘರ್ಷದ ಪರಿಣಾಮ ಕರಾವಳಿಗೂ ನೇರವಾಗಿ ತಟ್ಟಿತು. ರಾಷ್ಟ್ರೀಕರಣದಿಂದ ಪ್ರಧಾನಿಯವರ ಜನಪ್ರಿಯತೆ ಹೆಚ್ಚಿತು.

ರಾಷ್ಟ್ರಪತಿ ಚುನಾವಣೆಯಲ್ಲಿ ಮತದಾರನು ಪ್ರಾಶಸ್ತ್ಯದ ಕ್ರಮದಲ್ಲಿ ಅಭ್ಯರ್ಥಿಗಳನ್ನು ಗುರುತಿಸಬೇಕು. ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಹಿಂದುಳಿದವರ ಮತಪತ್ರಗಳಲ್ಲಿನ ಮುಂದಿನ ಪ್ರಾಶಸ್ತ್ಯಗಳನ್ನು ಎಣಿಸಲಾಗುತ್ತದೆ. ಇದನ್ನು ಅರಿತಿದ್ದ ನಿಜಲಿಂಗಪ್ಪನವರು ದೇಶಮುಖರ ಬೆಂಬಲಿಗರ ಎರಡನೆಯ ಪ್ರಾಶಸ್ತ್ಯ ರೆಡ್ಡಿಯವರಿಗೆ ದೊರೆಯಲೆಂದು ಸ್ವತಂತ್ರ ಪಕ್ಷ ಮತ್ತು ಜನಸಂಘಗಳ ನಾಯಕರೊಡನೆ ಮಾತುಕತೆ ನಡೆಸಿದರು. ಪ್ರಧಾನಿಯವರ ಬಣವು ಇದನ್ನೇ ಆಕ್ಷೇಪಿಸಿ, ಸದಸ್ಯರು ಆತ್ಮಸಾಕ್ಷಿಯಂತೆ ಮತ ನೀಡಬೇಕೆಂದು ಕರೆ ಕೊಟ್ಟಿತು.

ಫಲಿತಾಂಶ ಮತ್ತು ಮೈಸೂರು ರಾಜ್ಯ

ಆಗಸ್ಟ್ 16ರಂದು ಮತದಾನ ನಡೆದು 20ರಂದು ಫಲಿತಾಂಶ ಪ್ರಕಟವಾಯಿತು. ಗೆಲುವಿಗೆ 4,18,169 ಮತಮೌಲ್ಯ ಅಗತ್ಯವಿತ್ತು. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769 ದೊರೆತವು. ಅಂತಿಮ ಎಣಿಕೆಯಲ್ಲಿ ಗಿರಿಯವರು 4,20,077 ಮತ್ತು ರೆಡ್ಡಿಯವರು 4,05,427 ಪಡೆದರು. ಹೀಗೆ ಮುಂದಿನ ಪ್ರಾಶಸ್ತ್ಯಗಳಿಂದ ರೆಡ್ಡಿಯವರಿಗೆ 91,879 ಸೇರಿದರೆ ಗಿರಿಯವರಿಗೆ ಸೇರಿದ್ದು 18,562 ಮಾತ್ರ. ನಿಜಲಿಂಗಪ್ಪನವರ ಲೆಕ್ಕಾಚಾರ ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ಆದರೆ ಕಾಂಗ್ರೆಸ್ಸಿನದೇ ಅನೇಕ ಸದಸ್ಯರು ಮೊದಲ ಪ್ರಾಶಸ್ತ್ಯವನ್ನು ಗಿರಿಯವರಿಗೆ ನೀಡಿದ್ದರಿಂದ ಆದ ಕೊರತೆಯನ್ನು ಇತರ ಪಕ್ಷಗಳ ಮತಗಳು ತುಂಬಲಾರದೆ ಹೋದವು.

ಆಗ ಮೈಸೂರು ವಿಧಾನಸಭೆಯಲ್ಲಿ 216 ಸ್ಥಾನಗಳಿದ್ದವು. 1961ರ ಜನಗಣತಿಯ ಆಧಾರದಲ್ಲಿ ಪ್ರತಿ ಶಾಸಕರ ಮತದ ಮೌಲ್ಯ 109. ಅಂದರೆ ರಾಜ್ಯದ ಶಾಸಕರ ಒಟ್ಟು ಮತಮೌಲ್ಯ 23,544. ಗಿರಿಯವರ ಗೆಲುವಿನ ಅಂತರ 14,650. ಇಷ್ಟು ಕಡಿಮೆ ಅಂತರದ ಸ್ಪರ್ಧೆಯಲ್ಲಿ ಮೈಸೂರಿನಂಥ ಮಧ್ಯಮ ಗಾತ್ರದ ರಾಜ್ಯದ ಮತಗಳಿಗೂ ದೊಡ್ಡ ಬೆಲೆಯಿತ್ತು. ವೀರೇಂದ್ರ ಪಾಟೀಲರ ನೇತೃತ್ವದ ರಾಜ್ಯ ಸರ್ಕಾರ ನಿಜಲಿಂಗಪ್ಪನವರ ಪಕ್ಷದಲ್ಲಿ ನಿಂತಿತು.

ಪಕ್ಷದ ವಿಭಜನೆ

1969ರ ನವೆಂಬರ್ 12ರಂದು ನಿಜಲಿಂಗಪ್ಪನವರ ನೇತೃತ್ವದ ಬಣವು ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಿತು. ಕಾಂಗ್ರೆಸ್ ಇಬ್ಭಾಗವಾಯಿತು. ನಿಜಲಿಂಗಪ್ಪನವರ ಭಾಗಕ್ಕೆ ಸಂಸ್ಥಾ ಕಾಂಗ್ರೆಸ್ ಎಂಬ ಹೆಸರು ಬಂದಿತು. ಮೈಸೂರು ಮತ್ತು ಗುಜರಾತ್ ಸರ್ಕಾರಗಳು ಈ ಬಣದೊಂದಿಗೆ ಉಳಿದವು. ಆದರೆ 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರಿನ 27 ಸ್ಥಾನಗಳನ್ನೂ ಇಂದಿರಾ ಗಾಂಧಿಯವರ ಪಕ್ಷವೇ ಗೆದ್ದಿತು. ಪಾಟೀಲರ ಸರ್ಕಾರ ಉರುಳಿತು. 1972ರ ವಿಧಾನಸಭಾ ಚುನಾವಣೆಯಲ್ಲಿ ಅದೇ ಪಕ್ಷ 165 ಸ್ಥಾನ ಪಡೆದು, ಡಿ. ದೇವರಾಜ ಅರಸು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಏಕೀಕರಣಕ್ಕಾಗಿ ಹೋರಾಡಿ ಮೊದಲು ಮುನ್ನಡೆಸಿದ ರಾಜ್ಯವೇ ಅವರ ಪಕ್ಷವನ್ನು ತಿರಸ್ಕರಿಸಿತು.

1977ರಲ್ಲಿ ಸಂಜೀವ ರೆಡ್ಡಿಯವರು ಅವಿರೋಧವಾಗಿ ರಾಷ್ಟ್ರಪತಿಯಾದರು. ಅದಕ್ಕೆ ಮುನ್ನ ಆ ಸ್ಥಾನದಲ್ಲಿ ಹಂಗಾಮಿಯಾಗಿದ್ದವರು, 1958ರಲ್ಲಿ ನಿಜಲಿಂಗಪ್ಪನವರ ಉತ್ತರಾಧಿಕಾರಿಯಾಗಿದ್ದ ಬಿ. ಡಿ. ಜತ್ತಿ.

ಕೊನೆಯ ವರ್ಷಗಳು

ಸಕ್ರಿಯ ರಾಜಕೀಯದಿಂದ ದೂರ ಸರಿದ ನಿಜಲಿಂಗಪ್ಪನವರು ಚಿತ್ರದುರ್ಗದ ತಮ್ಮ ಮನೆಯಲ್ಲಿ ನೆಲೆಸಿದರು. ಕರ್ನಾಟಕ ಸರ್ಕಾರ ಅವರಿಗೆ ಕರ್ನಾಟಕ ರತ್ನ ಪ್ರಶಸ್ತಿ ನೀಡಿ ಗೌರವಿಸಿತು. 2000ದ ಆಗಸ್ಟ್ 8ರಂದು, 97ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಚಿತ್ರದುರ್ಗದ ಸಮೀಪದ ಸೀಬಾರದಲ್ಲಿ ಅವರ ಸ್ಮಾರಕವಿದೆ. ಬೆಳಗಾವಿಯ ಸಕ್ಕರೆ ಸಂಸ್ಥೆ ಅವರ ಹೆಸರನ್ನು ಹೊಂದಿದೆ.