ಕಾರ್ಬೆಟ್ಟರ ಕೆಟ್ಟುಹೋದ ಚಿತ್ರಗಳು

ಹೋದ ಬೇಸಗೆಯಲ್ಲಿ ಕಬಿನಿಯ ಹಿನ್ನೀರಿನ ದಡದ ಕಾಡಿನಲ್ಲಿ ಒಂದು ಚಿರತೆ ಮತ್ತಿಮರದಿಂದಿಳಿದು ನಮ್ಮ ದಾರಿಗೆ ಅಡ್ಡಲಾಗಿ ನಿಂತು, ಒಮ್ಮೆ ನಮ್ಮತ್ತ ನೋಡಿ, ಮೆಲ್ಲನೆ ಪೊದೆಯೊಳಗೆ ಸರಿದುಹೋಯಿತು. ನಾನು ಹನ್ನೆರಡು ಬಾರಿ ಗುಂಡಿಯೊತ್ತಿದೆ. ಮನೆಗೆ ಬಂದು ನೋಡಿದರೆ ಹನ್ನೆರಡರಲ್ಲಿಯೂ ಬಿಳಿಯ ಬಯಲು. ಚಿರತೆಯಿದ್ದೆಡೆಯಲ್ಲಿ ಒಂದು ಮಸುಕು. ಹಿಂದಿನ ದಿನ ಸಂಜೆಯ ಮಬ್ಬಿಗೆಂದು ಹೊಂದಿಸಿದ್ದ ಕ್ಯಾಮರಾವನ್ನು ಬೆಳಗಿನ ಬಿಸಿಲಿಗೆ ತಿರುಗಿ ಹೊಂದಿಸುವುದನ್ನು ಮರೆತಿದ್ದೆ. ಮನೆಯವರಿಗೆ ಚಿರತೆ ಕಾಣಿಸಿದ್ದನ್ನು ಮಾತ್ರ ಹೇಳಿ, ಉಳಿದುದನ್ನು ನುಂಗಿಕೊಂಡೆ.

ಆ ರಾತ್ರಿ ಕಪಾಟಿನಿಂದ ಜಿಮ್ ಕಾರ್ಬೆಟ್ಟರ ‘ಮ್ಯಾನ್ ಈಟರ್ಸ್ ಆಫ್ ಕುಮಾವೂನ್’ ಎಂಬ ಗ್ರಂಥವನ್ನು ತೆಗೆದೆ. ೧೯೪೪ರಲ್ಲಿ ಅಚ್ಚಾದ ಈ ಪುಸ್ತಕವನ್ನು ನರಭಕ್ಷಕಗಳ ಕಥೆಗಾಗಿ ಓದುವವರೇ ಎಲ್ಲರೂ. ಕೊನೆಯ ಪ್ರಕರಣದಲ್ಲಿ ನರಭಕ್ಷಕವೂ ಇಲ್ಲ, ಬೇಟೆಯೂ ಇಲ್ಲ; ಆದುದರಿಂದ ಅದನ್ನು ಹಾರಿಸಿಬಿಡುವುದುಂಟು. ನನಗೆ ಬೇಕಾಗಿದ್ದುದು ಅದೇ.

ಕಾರ್ಬೆಟ್ಟರು ಹುಟ್ಟಿದ್ದು ೧೮೭೫ರ ಜುಲೈ ೨೫ರಂದು, ನೈನಿತಾಲಿನಲ್ಲಿ. ತಂದೆ ಅಲ್ಲಿನ ಪೋಸ್ಟ್ ಮಾಸ್ತರರು; ಮಗ ಇನ್ನೂ ಎಳೆಯನಾಗಿರುವಾಗಲೇ ತೀರಿಕೊಂಡರು. ದೊಡ್ಡ ಸಂಸಾರ, ಸಣ್ಣ ವರಮಾನ. ಚಳಿಗಾಲದಲ್ಲಿ ಅವರು ಬೆಟ್ಟದ ಬುಡದ ಕಾಲಾಢುಂಗಿಗೆ ಇಳಿದು ಬರುತ್ತಿದ್ದರು. ಆ ಹಳ್ಳಿಯ ಸುತ್ತಣ ಕಾಡೇ ಬಾಲಕನ ಪಾಠಶಾಲೆಯಾಯಿತು. ಅವನಿಗೆ ಮೊದಲು ದೊರೆತ ಕೋವಿ ಒಂದು ಹಳೆಯ ಜೋಡಿನಳಿಗೆಯದು. ಒಂದು ನಳಿಗೆ ಸೀಳಿಹೋಗಿತ್ತು. ಉಳಿದೊಂದರ ಬಾಯಿಯಿಂದ ಮದ್ದು ತುಂಬಿ, ಗಜದಿಂದ ಇಡಿದು, ಒಂದೇ ಒಂದು ಈಡು ಹೊಡೆಯಬಹುದಾಗಿತ್ತು. ಮದ್ದಿಗೂ ಬಡತನವೇ. ಇಂಥ ಕೋವಿ ಹಿಡಿದವನಿಗೆ ಯಾವುದನ್ನೂ ಮರೆಯುವ ಸ್ವಾತಂತ್ರ್ಯವಿರುವುದಿಲ್ಲ.

ಮುಂದೆ ರೈಲ್ವೆಯ ಚಾಕರಿ. ಬಿಹಾರದ ಮೊಕಾಮೆ ಘಾಟಿನಲ್ಲಿ ಗಂಗೆಯ ದಡದ ಸರಕು ಸಾಗಣೆಯ ಗುತ್ತಿಗೆಯಲ್ಲಿ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಕಳೆದವು. ನಡುನಡುವೆ ಕುಮಾವೂನಿನಿಂದ ಕರೆ ಬಂದಾಗ ರಜೆ ಹಾಕಿ ಹೊರಡುತ್ತಿದ್ದರು. ೧೯೦೭ರಲ್ಲಿ ಚಂಪಾವತದ ಹೆಣ್ಣುಹುಲಿಯನ್ನು ಕೊಂದರು. ಅದು ತಿಂದ ಜನರ ಲೆಕ್ಕ ೪೩೬. ಆ ದಿನ ಅವರ ಬಳಿಯಲ್ಲಿದ್ದುದು ಮೂರೇ ತೋಟೆ. ಮೂರೂ ಮುಗಿದು, ಗಾಯಗೊಂಡ ಹುಲಿ ಎದುರಿಗೇ ನಿಂತಿರುವಾಗ, ಓಡಿಹೋಗಿ ತಹಸೀಲ್ದಾರರ ಕೋವಿಯನ್ನು ಎರವು ತರಬೇಕಾಯಿತು. ೧೯೨೬ರಲ್ಲಿ ರುದ್ರಪ್ರಯಾಗದ ಚಿರತೆ. ೧೯೩೦ರಲ್ಲಿ ಚೌಗಢದ ಹುಲಿ. ಅದು ಎಂಟು ಅಡಿ ದೂರದಲ್ಲಿ ಮಲಗಿ ಅವರನ್ನೇ ನೋಡುತ್ತಿದ್ದಾಗ ಅವರ ಎಡಗೈಯಲ್ಲಿ ಆಗತಾನೆ ಎತ್ತಿಕೊಂಡಿದ್ದ ನತ್ತಿಂಗ ಹಕ್ಕಿಯ ಎರಡು ಮೊಟ್ಟೆಗಳಿದ್ದವು. ಬಲಗೈಯೊಂದರಿಂದಲೇ ಬಂದೂಕವನ್ನು ಅತಿ ನಿಧಾನವಾಗಿ ತಿರುಗಿಸಿ ಹೊಡೆದರು. ಆಮೇಲೆ ಮೊಟ್ಟೆಗಳನ್ನು ಇದ್ದಲ್ಲಿಯೇ ಇಟ್ಟು ಬಂದರು.

ಇಷ್ಟು ಜಗತ್ತಿಗೆಲ್ಲ ತಿಳಿದದ್ದು. ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ನರು ಇರುಳಿನಲ್ಲಿ ಹುಲಿ ತುಳಿದ ತಂತಿಯಿಂದಲೇ ದೀಪ ಹೊತ್ತಿಸಿ ಚಿತ್ರ ತೆಗೆಯುತ್ತಿದ್ದರು. ಅವುಗಳನ್ನು ಕಂಡ ಕಾರ್ಬೆಟ್ಟರಿಗೆ, ತಾನು ಹಗಲಿನಲ್ಲಿಯೇ, ಅದೂ ಚಲಿಸುವ ಚಿತ್ರ ತೆಗೆಯಬೇಕೆಂಬ ಹಟ ಹುಟ್ಟಿತು. ಮಿತ್ರರೊಬ್ಬರು ಬೆಲ್ ಅಂಡ್ ಹೊವೆಲ್ ಕಂಪನಿಯ ೧೬ ಮಿಲಿಮೀಟರಿನ ಕ್ಯಾಮರಾವನ್ನು ಕಾಣಿಕೆಯಾಗಿತ್ತರು. ಹತ್ತು ವರ್ಷ ಅದನ್ನು ಹೊತ್ತು ನೂರಾರು ಮೈಲಿ ಅಲೆದರು. ಹುಲಿಗಳು ಕಣ್ಣಿಗೆ ಬಿದ್ದುದು ಸುಮಾರು ೨೦೦ ಬಾರಿ. ಮೆಚ್ಚುವಂಥ ಚಿತ್ರ ಒಂದೂ ದೊರೆಯಲಿಲ್ಲ.

ಏಕೆ? ಕಾರಣಗಳನ್ನು ಅವರೇ ಬರೆದಿಟ್ಟಿದ್ದಾರೆ. ಒಮ್ಮೆ ಬೆಳಕು ಅತಿಯಾಯಿತು, ಒಮ್ಮೆ ಸಾಲದಾಯಿತು. ಹುಲ್ಲೋ ಎಲೆಯೋ ಅಡ್ಡ ಬಂದಿತು. ಮಸೂರಕ್ಕೆ ಜೇಡರ ಬಲೆ ಅಂಟಿತ್ತು. ಒಂದು ಸಲ ಫಿಲ್ಮನ್ನು ಸಂಸ್ಕರಿಸುವಾಗ ಅದರ ಲೇಪವೇ ಕರಗಿಹೋಯಿತು. ಅಂದಿನ ಕ್ಯಾಮರಾ ತಾನಾಗಿ ಬೆಳಕನ್ನು ಅಳೆಯುತ್ತಿರಲಿಲ್ಲವೆಂಬುದನ್ನು ಇಂದಿನ ವಾಚಕರು ನೆನೆಯಬೇಕು. ಮಸೂರದ ಬಾಯಿಯನ್ನು ಹಿರಿದು ಕಿರಿದು ಮಾಡುವ ಬಳೆಯನ್ನು, ಮರದ ನೆರಳಿಗೊಂದು ಬಿಸಿಲಿಗೊಂದು ಎಂದು, ಪ್ರತಿ ಸಲವೂ ಕೈಯಿಂದ ತಿರುಗಿಸಬೇಕು. ಹುಲಿ ನೆರಳಿನಿಂದ ಬಿಸಿಲಿಗೆ ಬರಲು ಎರಡು ಹೆಜ್ಜೆ ಸಾಕು.

೧೯೩೮ರಲ್ಲಿ ಅವರು ಒಂದು ಚಳಿಗಾಲವನ್ನೆಲ್ಲ ಇದಕ್ಕೇ ಮುಡಿಪಿಟ್ಟರು. ನಡುವೆ ಸಣ್ಣ ತೊರೆಯೊಂದು ಹರಿಯುವ ತೆರೆದ ಕಮರಿಯನ್ನು ಆರಿಸಿಕೊಂಡು, ಕ್ಯಾಮರಾದ ಗರಗರ ಸದ್ದು ಹುಲಿಗೆ ಕೇಳಿಸದಿರಲೆಂದು ತೊರೆಗೆ ಅಲ್ಲಲ್ಲಿ ಒಡ್ಡು ಕಟ್ಟಿ, ಕೆಲವೇ ಅಂಗುಲ ಎತ್ತರದ ಜಲಪಾತಗಳನ್ನು ಮಾಡಿದರು. ಬೇರೆ ಬೇರೆ ಕಡೆಗಳಲ್ಲಿದ್ದ ಏಳು ಹುಲಿಗಳನ್ನು ಗಜಗಜವಾಗಿ ಆ ಸ್ಥಳಕ್ಕೆ ಸೆಳೆದು ತಂದರು. ಒಂದು ಮರುದಿನವೇ ಹೊರಟುಹೋಯಿತು, ಆರು ಉಳಿದವು. ಗಂಡು ನಾಲ್ಕು, ಹೆಣ್ಣು ಎರಡು. ಹೆಣ್ಣುಗಳಲ್ಲೊಂದು ಬಿಳಿಯ ಹುಲಿ. ಹತ್ತರಿಂದ ಅರವತ್ತು ಅಡಿಗಳ ದೂರದಿಂದ ಸಾವಿರ ಅಡಿ ಫಿಲ್ಮು ಓಡಿಸಿದರು. ಇಡೀ ಸಾಹಸಕ್ಕೆ ಹಿಡಿದ ಕಾಲ ನಾಲ್ಕೂವರೆ ತಿಂಗಳು.

ಆ ವರ್ಷ ಮಳೆಯೋ ಮಳೆ. ಮಸೂರದ ಮೇಲೆ ತೇವ ಕೂತು ಕೆಲವು ಕೆಟ್ಟವು. ಬೆಳಕಿನ ಅಳತೆ ತಪ್ಪಿ ಕೆಲವು ಕೆಟ್ಟವು. ಅವಸರದಲ್ಲಿ, ಅಜಾಗರೂಕತೆಯಿಂದ ಫಿಲ್ಮು ಪೋಣಿಸಿದ್ದರಿಂದ ಅದು ಕ್ಯಾಮರಾದ ಹೊಟ್ಟೆಯೊಳಗೇ ಮುದ್ದೆಗಟ್ಟಿ ಮತ್ತಷ್ಟು ಹಾಳಾಯಿತು. ಅಜಾಗರೂಕತೆಯ ಆರೋಪವನ್ನು ಬೇರೆ ಯಾರೂ ಹೊರಿಸಿದ್ದಲ್ಲ. ಅವರೇ ತಮ್ಮ ಮೇಲೆ ಹೊರಿಸಿಕೊಂಡದ್ದು. ಉಳಿದ ಆರುನೂರು ಅಡಿಗಳನ್ನಷ್ಟೆ ಹೇಳಿ ಮುಗಿಸಿದ್ದರೆ ಕೇಳುವವರು ಯಾರಿದ್ದರು?

ಹುಲಿಯೆದುರು ಒಂಟಿಗೈಯಲ್ಲಿ ಬಂದೂಕ ತಿರುಗಿಸಿದವನಿಗೆ ಫಿಲ್ಮು ಪೋಣಿಸುವಾಗ ಕೈ ತಪ್ಪಿದ್ದು ಹೇಗೆ? ಬಂದೂಕದ ಹಿಂದೆ ಭಯವಿರುತ್ತದೆ. ಭಯ ಏನನ್ನೂ ಮರೆಯಗೊಡದು. ಕ್ಯಾಮರಾದ ಹಿಂದಿರುವುದು ಸಂತೋಷ. ಬಿಳಿಯ ಹುಲಿ ನೀರಿಗೆ ಇಳಿಯುತ್ತಿರುವಾಗ ಬೆರಳುಗಳಿಗೆ ತಾಳ್ಮೆ ಎಲ್ಲಿಯದು! ಇದು ನನ್ನ ಊಹೆ. ಕಬಿನಿಯ ಅನುಭವ ಇಲ್ಲದಿದ್ದರೆ ನನಗೂ ಹೊಳೆಯುತ್ತಿರಲಿಲ್ಲ.

ಕ್ಯಾಮರಾ ಬಂದೊಡನೆ ಅವರು ಕೋವಿಯನ್ನು ಕೆಳಗಿಟ್ಟರೆಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಪವಲ್‌ಗಢದ ಭಾರಿ ಗಂಡುಹುಲಿ ನರಭಕ್ಷಕವಾಗಿರಲಿಲ್ಲ. ಅದನ್ನು ೧೯೩೦ರಲ್ಲಿ ಅವರೇ ಹೊಡೆದರು. ಠಾಕ್ ಎಂಬ ಹಳ್ಳಿಯ ನರಭಕ್ಷಕವನ್ನು ಕೊಂದದ್ದು ಆ ೧೯೩೮ರ ನವೆಂಬರಿನಲ್ಲಿಯೇ. ಆದರೂ ಗೋಡೆಗೆ ತೂಗುಹಾಕಿದ ಚರ್ಮ ಹೊಡೆದವನೊಬ್ಬನಿಗೆ ಮಾತ್ರ ಸೇರಿದ್ದು, ಚಿತ್ರವಾದರೋ ಎಲ್ಲರದು ಎಂಬ ನಿಲುವಿಗೆ ಅವರು ಬಂದಿದ್ದರು.

೧೯೪೭ರ ಕೊನೆಯಲ್ಲಿ ಅಕ್ಕ ಮ್ಯಾಗಿಯೊಡನೆ ಕೀನ್ಯಾಕ್ಕೆ ಹೋಗಿ ನ್ಯೇರಿಯಲ್ಲಿ ನೆಲಸಿದರು. ೧೯೫೫ರ ಏಪ್ರಿಲ್ ೧೯ರಂದು ಅಲ್ಲಿಯೇ ತೀರಿಕೊಂಡರು. ಅವರ ನೆರವಿನಿಂದ ೧೯೩೬ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಉದ್ಯಾನಕ್ಕೆ ಅವರು ಸತ್ತ ಮೇಲೆ ಅವರ ಹೆಸರನ್ನಿಟ್ಟರು. ೧೯೭೩ರಲ್ಲಿ ಹುಲಿ ಯೋಜನೆ ಆರಂಭವಾದದ್ದೂ ಅಲ್ಲಿಂದಲೇ.

ಪುಸ್ತಕ ಮುಚ್ಚಿ ಲೆಕ್ಕ ಹಾಕಿದೆ. ಆ ಫಿಲ್ಮಿನಲ್ಲಿ ಅಡಿಗೆ ೪೦ ಚಿತ್ರ. ಮೂಕಿ ಚಿತ್ರದ ವೇಗದಲ್ಲಿ ಸೆಕೆಂಡಿಗೆ ೧೬. ಉಳಿದ ಆರುನೂರು ಅಡಿ ಇಪ್ಪತ್ತೈದು ನಿಮಿಷಗಳ ನೋಟ. ಹಾಳಾದ ನಾನೂರು ಅಡಿ, ಹದಿನಾರು ನಿಮಿಷಗಳಿಗೆ ಸ್ವಲ್ಪ ಹೆಚ್ಚು. ಆ ಹದಿನಾರು ನಿಮಿಷಗಳಲ್ಲಿ ಬಿಳಿಯ ಹುಲಿ ಎಷ್ಟು ಬಾರಿ ತೊರೆ ದಾಟಿತ್ತೋ, ಕಂಡವರು ಕಾರ್ಬೆಟ್ಟರೊಬ್ಬರೇ.