ಮೊದಲು ಕೇಳಿ, ಅನಂತರ ಕಲಿಸಿದ ಸಂತ ಅಗಸ್ಟೀನರು

ಸಂತ ಅಗಸ್ಟೀನರನ್ನು ನಾವು ಸಂತ ಮೋನಿಕಾ ಅವರ ಕಣ್ಣೀರಿನ ಮಗನೆಂದು, ಪಾಪಜೀವನವನ್ನು ತೊರೆದು ಪರಿವರ್ತನೆ ಹೊಂದಿದವರೆಂದು, ಧರ್ಮಸಭೆಯ ಮಹಾಪಂಡಿತರೆಂದು ಬಲ್ಲೆವು. ಹತ್ತು ವರ್ಷಗಳಿಗೂ ಮೀರಿ ಅವರು ಪಾಠ ಹೇಳಿ ಜೀವನ ಸಾಗಿಸಿದ ಉಪಾಧ್ಯಾಯರಾಗಿದ್ದರೆಂಬ ಸಂಗತಿ ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಪಾಠವನ್ನು ಎಲ್ಲಿಂದ ಆರಂಭಿಸಬೇಕು, ಯಾವ ಗುರಿಯನ್ನಿಟ್ಟುಕೊಂಡು ಆರಂಭಿಸಬೇಕು ಎಂಬುದು ಅವರು ನೋವುಂಡು ಕಲಿತ ವಿಷಯ. ಮನೆಯಲ್ಲಿ ಮಕ್ಕಳಿಗೆ ಜಪ ಕಲಿಸುವ ತಾಯಂದಿರಿಗೂ, ಭಾನುವಾರದ ಧರ್ಮೋಪದೇಶ ತರಗತಿಯನ್ನು ನಡೆಸುವ ಯುವಕ ಯುವತಿಯರಿಗೂ ಅವರ ಜೀವನದ ಈ ಮುಖ ಪರಿಚಯವಾಗಬೇಕು.

ಅಗಸ್ಟೀನರು ಜನಿಸಿದ್ದು 354ರ ನವೆಂಬರ್ 13ರಂದು, ಉತ್ತರ ಆಫ್ರಿಕದ ತಗಾಸ್ತೆ ಎಂಬ ಊರಿನಲ್ಲಿ. ಅದು ಇಂದು ಅಲ್ಜೀರಿಯ ದೇಶಕ್ಕೆ ಸೇರಿದೆ. ಶಾಲೆಯಲ್ಲಿ ಪಾಠ ಒಪ್ಪಿಸದ ಬಾಲಕನಿಗೆ ಏಟು ತಪ್ಪದು. ಹೊಡೆತ ಬೀಳದಿರಲೆಂದು ಆ ಪುಟ್ಟ ಹುಡುಗ ದೇವರಲ್ಲಿ ಮೊರೆಯಿಡುತ್ತಿದ್ದನಂತೆ. ಹಿರಿಯರು, ಹೆತ್ತವರೂ ಸಹ, ಅವನ ಬಾಸುಂಡೆಗಳನ್ನು ಕಂಡು ನಗುತ್ತಿದ್ದರಂತೆ. ನಲವತ್ತು ದಾಟಿದ ಮೇಲೆ ತಮ್ಮ ಆತ್ಮಕಥನದಲ್ಲಿ ಅವರು ಇದನ್ನು ಮರೆಯದೆ ದಾಖಲಿಸಿದ್ದಾರೆ. ಲತೀನ್ ಭಾಷೆ ಅವರಿಗೆ ದಾದಿಯರ ಮುದ್ದುಮಾತಿನ ನಡುವೆ, ಆಟದ ನಡುವೆ ತಾನಾಗಿ ಬಂದಿತು. ಗ್ರೀಕ್ ಭಾಷೆ ಮಾತ್ರ ಬೆದರಿಕೆಯ ಮೂಲಕ ಬಂದಿತು, ಆದುದರಿಂದ ಕಹಿಯಾಯಿತು. ಒಂದಕ್ಕೆ ಮನೆಯಲ್ಲಿ ಮೊದಲೇ ನೆಲ ಹದವಾಗಿತ್ತು. ಇನ್ನೊಂದನ್ನು ಹದವಿಲ್ಲದ ನೆಲಕ್ಕೆ ಬಲವಂತವಾಗಿ ಬಿತ್ತಲಾಯಿತು.

ಇದಕ್ಕಿಂತ ದೊಡ್ಡ ನಷ್ಟ ಅನಂತರ ಸಂಭವಿಸಿತು. ಕಾರ್ತೇಜ್ ನಗರದಲ್ಲಿ ಓದುತ್ತಿದ್ದಾಗ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ರೋಮನ್ ವಾಗ್ಮಿ ಸಿಸೆರೋವಿನ ಗ್ರಂಥವೊಂದು ಅವರಲ್ಲಿ ಜ್ಞಾನದ ಹಸಿವನ್ನು ಹುಟ್ಟಿಸಿತು. ತಾಯಿ ಬಾಲ್ಯದಲ್ಲಿ ಕಿವಿಗೆ ಹಾಕಿದ್ದ ಕ್ರಿಸ್ತನಾಮ ಅದರಲ್ಲಿ ಕಾಣಲಿಲ್ಲವೆಂದು ಪವಿತ್ರ ಗ್ರಂಥವನ್ನು ಕೈಗೆತ್ತಿಕೊಂಡರು. ಸಿಸೆರೋವಿನ ಭವ್ಯ ಶೈಲಿಗೆ ಒಗ್ಗಿದ್ದ ಅವರಿಗೆ ಅದರ ಸರಳ ಭಾಷೆ ತುಚ್ಛವಾಗಿ ತೋರಿತು. ಪುಸ್ತಕ ಮುಚ್ಚಿದರು, ಮಣಿಯವರ ಪಂಥವನ್ನು ಸೇರಿ ಸುಮಾರು ಒಂಬತ್ತು ವರ್ಷ ಅಲ್ಲಿಯೇ ಉಳಿದರು. ಆ ದಿನ ಬಲ್ಲವರೊಬ್ಬರು ಪಕ್ಕದಲ್ಲಿ ಕುಳಿತು, ಈವರೆಗೆ ಏನೇನು ಓದಿರುವೆ ಎಂದು ವಿಚಾರಿಸಿ, ಅಲ್ಲಿಂದಲೇ ಕೈಹಿಡಿದು ನಡೆಸಿದ್ದರೆ ಆ ಒಂಬತ್ತು ವರ್ಷಗಳು ಉಳಿಯುತ್ತಿದ್ದವೋ ಏನೋ ಎಂದು ನನಗೆ ಅನೇಕ ಬಾರಿ ಅನಿಸಿದೆ.

ತಗಾಸ್ತೆಯಲ್ಲಿ ವ್ಯಾಕರಣ, ಕಾರ್ತೇಜಿನಲ್ಲಿ ಅಲಂಕಾರಶಾಸ್ತ್ರ, 383ರಲ್ಲಿ ರೋಮ್, ಮರುವರ್ಷ ಮಿಲಾನ್ ಹೀಗೆ ಅವರ ಉಪಾಧ್ಯಾಯ ವೃತ್ತಿ ಸಾಗಿತು. ಕಾರ್ತೇಜಿನ ವಿದ್ಯಾರ್ಥಿಗಳು ಪುಂಡರು. ರೋಮಿನವರು ಶುಲ್ಕ ಕೊಡುವ ಹೊತ್ತಿಗೆ ಬೇರೆ ಗುರುವನ್ನು ಹುಡುಕಿಕೊಂಡು ಹೋಗುವವರು. ಮಿಲಾನಿನ ಧರ್ಮಾಧ್ಯಕ್ಷ ಸಂತ ಆಂಬ್ರೋಸರ ಪ್ರವಚನಕ್ಕೆ ಅಗಸ್ಟೀನರು ಹೋದದ್ದು ಮಾತಿನ ಸೊಬಗನ್ನು ಅಳೆಯುವುದಕ್ಕೆ. ಸೊಬಗಿನ ಜೊತೆಗೆ ವಿಷಯವೂ ಒಳಹೊಕ್ಕಿತು. 387ರ ಪಾಸ್ಕ ಜಾಗರಣೆಯ ರಾತ್ರಿ ಆಂಬ್ರೋಸರಿಂದ ದೀಕ್ಷಾಸ್ನಾನ ಪಡೆದರು. ಮಗ ಅದೆಯೊದಾತನೂ ಅಂದೇ ಪಡೆದನು.

ಆಫ್ರಿಕಕ್ಕೆ ಮರಳಿದ ಮೇಲೆ, ಸುಮಾರು 389ರಲ್ಲಿ, ಆ ಮಗನೊಡನೆ ನಡೆಸಿದ ಸಂವಾದವನ್ನು ಅವರು ಗುರುವಿನ ಕುರಿತಾದ ಒಂದು ಗ್ರಂಥವಾಗಿ ಬರೆದರು. ದಾನಿಯೇಲನ ಗ್ರಂಥದ ಮೂರನೆಯ ಅಧ್ಯಾಯದಲ್ಲಿ, ಬೆಂಕಿಯ ಕುಲುಮೆಗೆ ಎಸೆಯಲಾದ ಮೂವರು ತರುಣರ ಉಡುಪನ್ನು ಹೇಳುವಾಗ ಒಂದು ಅಪರೂಪದ ಪದ ಬರುತ್ತದೆ. ಅದು ತಲೆಗೆ ಧರಿಸುವ ವಸ್ತ್ರವೆಂದು ಯಾರಾದರೂ ವಿವರಿಸಬಹುದು. ಆದರೆ ತಲೆಯೆಂದರೇನು, ವಸ್ತ್ರವೆಂದರೇನು ಎಂಬುದನ್ನು ಕೇಳುವವನು ಮೊದಲೇ ಕಂಡು ತಿಳಿದಿರದಿದ್ದರೆ ಆ ವಿವರಣೆಯಿಂದ ಪ್ರಯೋಜನವಿಲ್ಲ ಎಂಬುದು ಅಗಸ್ಟೀನರ ವಾದ. ಮಾತು ಕೇವಲ ಸಂಕೇತ. ಸತ್ಯವನ್ನು ಒಳಗಿನಿಂದ ತೋರಿಸುವ ಗುರು ಕ್ರಿಸ್ತರೇ ಎಂಬಲ್ಲಿಗೆ ಸಂವಾದ ಮುಗಿಯುತ್ತದೆ. ಅರಿಯದುದನ್ನು ಅರಸುವುದು ಹೇಗೆ ಎಂಬ ಪ್ಲೇಟೋವಿನ ಹಳೆಯ ತೊಡಕು ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದವರಿಗೆ ಇಲ್ಲಿ ನೆನಪಾಗದಿರದು. ಅದೆಯೊದಾತನು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡನು.

391ರಲ್ಲಿ ಹಿಪ್ಪೋ ನಗರದಲ್ಲಿ ಅಗಸ್ಟೀನರಿಗೆ ಯಾಜಕದೀಕ್ಷೆಯಾಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಧರ್ಮಾಧ್ಯಕ್ಷರಾದರು. ಸುಮಾರು 400ರ ಹೊತ್ತಿಗೆ ಕಾರ್ತೇಜಿನ ದೇವೊಗ್ರಾತಿಯಸ್ ಎಂಬ ಡೀಕನ್ ಅವರಿಗೊಂದು ಪತ್ರ ಬರೆದನು. ಕ್ರೈಸ್ತ ವಿಶ್ವಾಸದ ಮೊದಲ ಪಾಠಕ್ಕಾಗಿ ಬರುವವರನ್ನು ಜನರು ಅವನ ಬಳಿಗೇ ಕರೆತರುತ್ತಿದ್ದರು. ಕಥನವನ್ನು ಎಲ್ಲಿ ಆರಂಭಿಸಿ ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ತೋಚುತ್ತಿರಲಿಲ್ಲ. ಮಾತು ಉದ್ದವಾಗಿ, ಸಪ್ಪೆಯಾಗಿ, ಕೇಳುವವನಿರಲಿ ಅವನಿಗೇ ಬೇಸರ ಬರುತ್ತಿತ್ತು. ಉತ್ತರವಾಗಿ ಅಗಸ್ಟೀನರು ಒಂದು ಪುಸ್ತಕವನ್ನೇ ಬರೆದು ಕಳುಹಿಸಿದರು. ತಮ್ಮ ಮಾತು ತಮಗೂ ಬಹುಮಟ್ಟಿಗೆ ಹಿಡಿಸುವುದಿಲ್ಲವೆಂದು ಮೊದಲು ಅವನನ್ನು ಸಮಾಧಾನಪಡಿಸಿದರು.

ಅವರ ಸಲಹೆಯಲ್ಲಿ ಗುರಿ ಒಂದೇ: ದೇವರ ಪ್ರೀತಿಯನ್ನು ಕೇಳುವವನು ಅರಿತು ಪ್ರೀತಿಸುವಂತಾಗಬೇಕು. ಸೃಷ್ಟಿಯಿಂದ ಮೊದಲುಗೊಂಡು ಅಂದಿನ ಧರ್ಮಸಭೆಯವರೆಗೆ ಕಥೆ ಹೇಳಬೇಕು. ಆದರೆ ಎಲ್ಲವನ್ನೂ ಒಪ್ಪಿಸುತ್ತ ಹೋಗಬಾರದು. ಗುರಿಗೆ ಸಂಬಂಧಿಸಿದ ಮುಖ್ಯ ಘಟನೆಗಳಲ್ಲಿ ನಿಂತು, ಉಳಿದವನ್ನು ಬೇಗ ದಾಟಬೇಕು. ಗುರಿ ನಿಶ್ಚಯವಾಗಿಲ್ಲದವನಿಗೆ ಯಾವುದನ್ನು ಬಿಡಬೇಕೆಂಬುದೂ ತಿಳಿಯದಷ್ಟೆ.

ಇನ್ನು ಆರಂಭ. ಬಂದವನ ಮನಃಸ್ಥಿತಿಯನ್ನು ಅವನನ್ನು ಬಲ್ಲವರಿಂದ ಮುಂಚಿತವಾಗಿ ತಿಳಿದುಕೊಳ್ಳಬೇಕು. ಅಂಥವರಿಲ್ಲದಿದ್ದರೆ ಏಕೆ ಬಂದೆಯೆಂದು ಅವನನ್ನೇ ಕೇಳಬೇಕು. ಅವನ ಉತ್ತರವೇ ಪಾಠದ ಮೊದಲ ವಾಕ್ಯಕ್ಕೆ ಆಧಾರ. ಅವನು ಯಾರನ್ನೋ ಮೆಚ್ಚಿಸಲು ಬಂದು ಬಾಯಿಮಾತಿಗೆ ಒಳ್ಳೆಯ ಕಾರಣ ಹೇಳಿದರೂ ಅವನನ್ನು ಬಯಲು ಮಾಡುವುದು ಬೇಡ. ಹೇಳಿದ ಆ ಕಾರಣವನ್ನೇ ಹೊಗಳಿ ಪಾಠ ತೊಡಗಿದರೆ, ನಟಿಸಿದ್ದನ್ನು ನಿಜವಾಗಿ ಬಯಸುವ ಮನಸ್ಸು ಅವನಲ್ಲಿ ಮೂಡಬಹುದು. ಇದನ್ನು ಓದಿದಾಗ ಅಗಸ್ಟೀನರ ಮೃದುತ್ವಕ್ಕೆ ಬೆರಗಾಗುತ್ತೇವೆ. ಓದಿದವನು ಬಂದರೆ ಯಾವ ಗ್ರಂಥಗಳು ಅವನ ಮನಸ್ಸನ್ನು ತಟ್ಟಿದವೆಂದು ವಿಚಾರಿಸಬೇಕು. ಬಲ್ಲದ್ದನ್ನು ಮತ್ತೆ ಕಲಿಸಿ ಬೇಸರಪಡಿಸದೆ, ಅವನಿಗೆ ಗೊತ್ತೇ ಇದೆ ಎಂಬಂತೆ ಪ್ರಸ್ತಾಪಿಸಿ ಮುಂದುವರಿಯಬೇಕು. ವಾಗ್ಮಿಗಳ ಶಾಲೆಯಿಂದ ಬಂದವನಿಗಂತೂ, ಪವಿತ್ರ ಗ್ರಂಥದ ಸರಳ ಮಾತನ್ನು ಕಡೆಗಣಿಸಬಾರದೆಂದು ಮೊದಲೇ ತಿಳಿಹೇಳಬೇಕು. ಈ ಕಡೆಯ ಸಲಹೆಯನ್ನು ಬರೆಯುವಾಗ ಕಾರ್ತೇಜಿನ ಆ ಹತ್ತೊಂಬತ್ತರ ತರುಣ ಅವರ ಕಣ್ಣ ಮುಂದೆ ಇದ್ದಿರಬೇಕು.

ಆಕಳಿಸುವವನನ್ನೂ ಅವರು ಮರೆಯಲಿಲ್ಲ. ಅವನಿಗೆ ಏನಾದರೂ ಹಸನ್ಮುಖದ ಮಾತು ಹೇಳಿ, ನಿಂತು ಸೋತಿದ್ದರೆ ಆಸನ ಕೊಡಿ ಎಂದರು. ಕೊನೆಯಲ್ಲಿ ಉದ್ದನೆಯದೊಂದು, ಚಿಕ್ಕದೊಂದು, ಹೀಗೆ ಎರಡು ಮಾದರಿ ಪಾಠಗಳನ್ನೂ ಬರೆದುಕೊಟ್ಟರು.

426ರಿಂದ ಅಗಸ್ಟೀನರು ತಮ್ಮ ಗ್ರಂಥಗಳನ್ನೆಲ್ಲ ಒಂದೊಂದಾಗಿ ತೆಗೆದು ಪರಾಮರ್ಶಿಸಿದರು. ದೇವೊಗ್ರಾತಿಯಸನಿಗೆ ಬರೆದುದೂ ಅವುಗಳಲ್ಲಿ ಸೇರಿತ್ತು. 430ರಲ್ಲಿ ವಂಡಾಲರು ಹಿಪ್ಪೋ ನಗರವನ್ನು ಮುತ್ತಿದರು. ಜ್ವರದಿಂದ ಮಲಗಿದ್ದ ಅವರು ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ ಗೋಡೆಗೆ ತೂಗುಹಾಕಿಸಿಕೊಂಡು ಓದುತ್ತಿದ್ದರು. ಆಗಸ್ಟ್ 28ರಂದು ಪ್ರಾಣಬಿಟ್ಟರು. ಮರಣಶಾಸನ ಬರೆಯಲು ಅವರ ಬಳಿ ಆಸ್ತಿಯೇನೂ ಇರಲಿಲ್ಲ. ದೇವಾಲಯದ ಪುಸ್ತಕಗಳನ್ನು ಮಾತ್ರ ಜೋಪಾನವಾಗಿ ಉಳಿಸಬೇಕೆಂದು ಮತ್ತೆ ಮತ್ತೆ ಅಪ್ಪಣೆ ಮಾಡಿದ್ದರು.