ರಾಗಿಯ ಬೇರಿಗೆ ಬೆಲೆ ಕೊಟ್ಟ ಕೋಲ್ಮನ್ ಸಾಹೇಬರು

ನಮ್ಮ ಚಿಕ್ಕಲಸಂದ್ರದಲ್ಲಿ ಈಗ ಹೊಲ ಹುಡುಕಿದರೂ ಸಿಗದು, ಎಲ್ಲಾ ಸೈಟು, ಮನೆ. ಆದರೂ ಕುಂಟೆ ಹಿಡಿದ ಕೈಗಳು ಸಂಘದ ಸದಸ್ಯ ಬಂಧುಗಳಲ್ಲಿ ಇನ್ನೂ ಇವೆ. ಆದುದರಿಂದ ಈ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಡಾ. ಲೆಸ್ಲಿ ಕೋಲ್ಮನ್ ಅವರನ್ನು ನೆನೆಯುವುದು ನಮಗೆ ಸರಿಯೆನಿಸಿತು.

1878ರಲ್ಲಿ ಕೆನಡಾದಲ್ಲಿ ಹುಟ್ಟಿದ ಇವರು ಜರ್ಮನಿಯಲ್ಲಿ ಓದಿ ಡಾಕ್ಟರೇಟ್ ಪಡೆದವರು. ಅಲ್ಲಿ ಅವರು ಅಭ್ಯಾಸ ಮಾಡಿದ್ದು ಗೊಬ್ಬರದ ಸಾರವನ್ನು ಬೇರು ಹೀರುವಂತೆ ಮಾರ್ಪಡಿಸುವ ಮಣ್ಣಿನ ಸೂಕ್ಷ್ಮಜೀವಿಗಳನ್ನು. 1908ರಲ್ಲಿ ಮೈಸೂರು ಸರ್ಕಾರದ ಕೀಟ ಮತ್ತು ರೋಗ ತಜ್ಞರಾಗಿ ಬಂದರು; 1913ರಲ್ಲಿ ಕೃಷಿ ಇಲಾಖೆಯ ಮೊದಲ ಡೈರೆಕ್ಟರ್ ಆದರು. ಹೆಬ್ಬಾಳದ ಕೃಷಿ ಶಾಲೆಯೂ ಅದೇ ವರ್ಷದ್ದು.

ಬಯಲುಸೀಮೆಯ ಜೋಳವನ್ನು ಒಂದು ಹಾರಲಾರದ ಮಿಡತೆ ತಿಂದು ಬೋಳು ಮಾಡುತ್ತಿತ್ತು. ಜೋಳ ಹೋದರೆ ಆ ವರ್ಷದ ರೊಟ್ಟಿಯೇ ಹೋಯ್ತು. ಸಾಹೇಬರು ಅದರ ಬೆನ್ನು ಹತ್ತಿದರು. ಕಾಟ ಎಲೆಯ ಮೇಲೆ ಕಂಡರೂ ಅದರ ಬುಡ ಇದ್ದದ್ದು ನೆಲದೊಳಗೆ: ಮಿಡತೆ ಮೊಟ್ಟೆ ಇಡುವುದು ಮಣ್ಣಿನಲ್ಲಿ, ಮುಂಗಾರು ಬಿದ್ದಾಗ ಮರಿ ಏಳುತ್ತವೆ. ಕೊಯ್ಲಾದ ಮೇಲೆ ಆಳವಾಗಿ ಉತ್ತರೆ ಮೊಟ್ಟೆ ಮೇಲೆ ಬಂದು ಬಿಸಿಲಿಗೆ, ಹಕ್ಕಿಗೆ ಸಿಕ್ಕಿ ನಾಶವಾಗುತ್ತದೆ. ಆ ಕೀಟಕ್ಕೆ ವಿಜ್ಞಾನಿಗಳು ಕೋಲ್ಮೇನಿಯಾ ಎಂದೇ ಹೆಸರಿಟ್ಟರು. ಪೀಡೆಗೆ ಹೆಸರಾಗುವುದೂ ಒಂದು ಗೌರವವೇ ಅನ್ನಿ!

ರಾಗಿಯ ಮಾತಿಗೆ ಬರೋಣ. ಅವರ ಕಾಲದಲ್ಲಿ ಇಲಾಖೆ ಕಬ್ಬಿಣದ ನೇಗಿಲನ್ನು ಬಳಕೆಗೆ ತರಲು ಶ್ರಮಿಸಿತು. ಮರದ ನೇಗಿಲು ಮೇಲುಮಣ್ಣನ್ನು ಕೆದಕುವುದೇ ಹೆಚ್ಚು. ಕೆಳಗಿನ ಗಟ್ಟಿ ಪದರ ಹಾಗೇ ಉಳಿದರೆ ಮಳೆನೀರೂ ಇಳಿಯದು, ಬೇರೂ ಇಳಿಯದು. ಹದಿನೈದು ದಿನ ಮಳೆ ಕೈಕೊಟ್ಟರೆ ಅಂಥ ಪೈರು ಸುರುಟಿಕೊಳ್ಳುತ್ತದೆ. ನಮ್ಮ ಹಿರಿಯರು ಕೂರಿಗೆ ಸಾಲಿನ ನಡುವೆ ಕುಂಟೆ ಹೊಡೆದು ಬುಡಕ್ಕೆ ಮಣ್ಣು ಕೊಡುತ್ತಿದ್ದರಲ್ಲ, ಅದೂ ಬೇರಿನ ಆರೈಕೆಯೇ. ಅದನ್ನು ಯಾವ ಸಾಹೇಬರೂ ಕಲಿಸಬೇಕಾಗಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇವೆ.

1913ರಲ್ಲಿ ಅವರು ಶುರು ಮಾಡಿಸಿದ ರಾಗಿ ತಳಿ ಆಯ್ಕೆಯಿಂದ 1918ರಲ್ಲಿ ಎಚ್-22 ತಳಿ ಹೊರಬಂತು. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ರೂಢಿ ಬೆಳೆದದ್ದರಲ್ಲೂ ಅವರ ಪಾಲು ದೊಡ್ಡದು. ಈಗಲೂ ಅಲ್ಲಿ ಅದನ್ನೇ ಹೊಡೆಯುತ್ತಾರೆ.

1934ರಲ್ಲಿ ನಿವೃತ್ತರಾಗಿ ಹೊರಟ ಕೋಲ್ಮನ್ 1954ರಲ್ಲಿ ತೀರಿಕೊಂಡರು. ಅಷ್ಟರಲ್ಲಿ, 1946ರಲ್ಲೇ, ಹೆಬ್ಬಾಳದಲ್ಲಿ ಕೃಷಿ ಕಾಲೇಜು ತಲೆಯೆತ್ತಿತ್ತು.